ಒಂದೇ ಬಾರಿ ಮಡಚಿಕೊಳ್ಳುವ ಮುಳ್ಳು

ವೈರಸ್ಸಿಗೆ ಸ್ವಂತ ಚಲನೆಯಾಗಲಿ ಶಕ್ತಿಯನ್ನು ಉತ್ಪಾದಿಸುವ ವ್ಯವಸ್ಥೆಯಾಗಲಿ ಇಲ್ಲದಿರುವುದರಿಂದ, ಜೀವಕೋಶದ ಕೊಬ್ಬಿನ ಪೊರೆಯನ್ನು ದಾಟಲು ಬೇಕಾದ ಬಲವನ್ನು ಅದು ತನ್ನ ಹೊರಮೈಯ ಪ್ರೋಟೀನುಗಳ ಆಕಾರದಲ್ಲಿಯೇ ಅಡಗಿಸಿಕೊಂಡು ಬರಬೇಕಾಗುತ್ತದೆ. ಇದು ಮೊದಲು ವಿವರವಾಗಿ ತಿಳಿದುಬಂದದ್ದು ಫ್ಲೂ ವೈರಸ್ಸಿನ ಹಿಮಾಗ್ಲುಟಿನಿನ್ ಎಂಬ ಪ್ರೋಟೀನಿನಿಂದ. 1968ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಾಣಿಸಿಕೊಂಡು ಲೋಕವೆಲ್ಲ ಹಬ್ಬಿದ ಫ್ಲೂವಿನ ಈ ಪ್ರೋಟೀನನ್ನು ಅನಾನಸ್ ಗಿಡದ ಬ್ರೊಮಲೈನ್ ಎಂಬ ಕಿಣ್ವದಿಂದ ಬುಡದಲ್ಲಿ ಕತ್ತರಿಸಿ, ಹರಳುಗಟ್ಟಿಸಿ, ಎಕ್ಸ್-ಕಿರಣಗಳ ನೆರವಿನಿಂದ ಅದರ ರಚನೆಯನ್ನು ಇಯಾನ್ ವಿಲ್ಸನ್, ಜಾನ್ ಸ್ಕೆಹೆಲ್ ಮತ್ತು ಡಾನ್ ವೈಲಿ 1981ರಲ್ಲಿ ಪ್ರಕಟಿಸಿದರು.

ಮೂರು ಸಮಾನ ಘಟಕಗಳು ಹೆಣೆದುಕೊಂಡು ಸುಮಾರು 13.5 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಹದಿಮೂರೂವರೆ ಪಾಲಿನಷ್ಟು, ಎತ್ತರಕ್ಕೆ ನಿಂತಿರುವ ಈ ಮುಳ್ಳಿನ ತಲೆಯಲ್ಲಿ ಪುಟ್ಟ ಗುಳಿಗಳಿದ್ದು, ಜೀವಕೋಶದ ಮೇಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಅವುಗಳಲ್ಲಿ ಕೂರುತ್ತದೆ. ಈ ಸಕ್ಕರೆಯು ಪಕ್ಕದ ಸಕ್ಕರೆಗೆ ಬೆಸೆದುಕೊಂಡಿರುವ ಬಗೆ ಹಕ್ಕಿಗಳ ಕರುಳಿನಲ್ಲಿ ಒಂದು, ಮನುಷ್ಯರ ಮೇಲಿನ ಶ್ವಾಸನಾಳದಲ್ಲಿ ಇನ್ನೊಂದು. ಹಕ್ಕಿಜ್ವರ ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡದಿರಲು ಇದೂ ಒಂದು ಕಾರಣ.

ಆದರೆ ಅಂಟಿಕೊಂಡ ಮಾತ್ರಕ್ಕೆ ಒಳಹೊಕ್ಕಂತಾಗುವುದಿಲ್ಲ. ಒಂದೇ ಸರಪಳಿಯಾಗಿ ತಯಾರಾಗುವ ಪ್ರತಿ ಘಟಕವನ್ನು ಆತಿಥೇಯ ದೇಹದ ಕಿಣ್ವವೊಂದು ಮೊದಲೇ ಎರಡಾಗಿ ಕತ್ತರಿಸಿರಬೇಕು. ಸಾಮಾನ್ಯ ಫ್ಲೂವಿನಲ್ಲಿ ಈ ಕೆಲಸ ಮುಖ್ಯವಾಗಿ ಶ್ವಾಸಮಾರ್ಗದ ಕಿಣ್ವಗಳಿಂದ ನಡೆಯುತ್ತದೆ. ಕೋಳಿಗಳನ್ನು ಸಾಮೂಹಿಕವಾಗಿ ಕೊಲ್ಲುವ ಎಚ್5 ತಳಿಗಳಲ್ಲಾದರೋ, ಕತ್ತರಿಸುವ ಜಾಗದ ರಚನೆ ಬದಲಾಗಿರುವುದರಿಂದ ಬಹುತೇಕ ಎಲ್ಲ ಅಂಗಗಳಲ್ಲೂ ಸಿಗುವ ಫ್ಯೂರಿನ್ ಕಿಣ್ವವೇ ಸಾಕಾಗಿ, ಸೋಂಕು ಮೈಯೆಲ್ಲ ವ್ಯಾಪಿಸುತ್ತದೆ.

ಹೀಗೆ ಕತ್ತರಿಸಿದ ಪ್ರೋಟೀನು ಹೆದೆ ಸೆಳೆದು ಹಿಡಿದ ಬಿಲ್ಲಿನಂತೆ. ಜೀವಕೋಶವು ವೈರಸ್ಸನ್ನು ನುಂಗಿ ಎಂಡೋಸೋಮ್ ಎಂಬ ಚೀಲದಲ್ಲಿ ಇರಿಸಿಕೊಂಡಾಗ, ಅಲ್ಲಿ ಆಮ್ಲೀಯತೆ ಏರಿ ಪಿಎಚ್ 5ರ ಸಮೀಪಕ್ಕೆ ಬರುತ್ತಲೇ ತಲೆಭಾಗಗಳು ಬೇರ್ಪಡುತ್ತವೆ. ಕಾಂಡದಲ್ಲಿ ಸಡಿಲವಾಗಿದ್ದ ತುಣುಕೊಂದು ಸುರುಳಿಯಾಗಿ ಬಿಗಿದು, ಒಳಗೆ ಹುದುಗಿದ್ದ ಜಲವಿರೋಧಿ ತುದಿಯನ್ನು ಸುಮಾರು 10 ನ್ಯಾನೊಮೀಟರ್ ದೂರಕ್ಕೆ ಚಿಮ್ಮಿಸಿ ಕೋಶದ ಪೊರೆಗೆ ನಾಟಿಸುತ್ತದೆ. ಬಳಿಕ ಇಡೀ ರಚನೆ ಮಡಚಿಕೊಂಡು ಎರಡೂ ಪೊರೆಗಳನ್ನು ಎಳೆದು ಕೂಡಿಸುವುದರಿಂದ ಅಲ್ಲಿ ರಂಧ್ರ ತೆರೆದು ವೈರಸ್ಸಿನ ವಂಶವಾಹಿಗಳು ಒಳಸೇರುತ್ತವೆ. 1981ರ ಚಿತ್ರ ಎಷ್ಟೇ ಸೊಗಸಾಗಿದ್ದರೂ ಅದು ಅರ್ಧ ಕಥೆಯಷ್ಟೇ. ಮಡಚಿದ ನಂತರದ ರೂಪ ಬೆಳಕಿಗೆ ಬಂದದ್ದು 1994ರಲ್ಲಿ. ಈ ಬದಲಾವಣೆಗೆ ಹಿಮ್ಮರಳುವ ದಾರಿಯಿಲ್ಲವಾದ್ದರಿಂದ, ಕೋಶ ಸಿಗುವ ಮೊದಲೇ ಆಮ್ಲಕ್ಕೆ ಸಿಕ್ಕ ವೈರಸ್ಸು ಸೋಂಕುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಕೋವಿಡ್ ವೈರಸ್ಸಿನ ಸ್ಪೈಕ್ ಪ್ರೋಟೀನೂ ಇದೇ ವರ್ಗಕ್ಕೆ ಸೇರಿದ್ದು. ಮಡಚುವ ಮುಂಚಿನ ರೂಪವನ್ನು ಗುರುತಿಸುವ ಪ್ರತಿಕಾಯಗಳೇ ಸೋಂಕನ್ನು ಚೆನ್ನಾಗಿ ತಡೆಯುವುದರಿಂದ, ಅದರ 986 ಮತ್ತು 987ನೆಯ ಅಮೈನೋ ಆಮ್ಲಗಳ ಜಾಗದಲ್ಲಿ ಬಾಗಲೊಪ್ಪದ ಪ್ರೋಲಿನ್ ಇರಿಸಿ ಆ ರೂಪವನ್ನು ಸ್ಥಿರಗೊಳಿಸುವ ಉಪಾಯವನ್ನು ಫೈಜರ್ ಮತ್ತು ಮಾಡರ್ನಾ ಲಸಿಕೆಗಳಲ್ಲಿ ಬಳಸಲಾಯಿತು. ಭಾರತದಲ್ಲಿ ಅತಿ ಹೆಚ್ಚು ಜನ ಪಡೆದ ಕೋವಿಶೀಲ್ಡ್‌ನಲ್ಲಿ ಈ ತಿದ್ದುಪಡಿ ಇರಲಿಲ್ಲ. ಆದರೂ ಅದು ತೀವ್ರ ಕಾಯಿಲೆಯಿಂದ ರಕ್ಷಣೆ ಒದಗಿಸಿತು.