ಬ್ಯಾಕ್‌ಲಿಂಕ್ ಎಂಬ ಅರೆಲೆಕ್ಕ

ಹೊಸ ಜಾಲತಾಣ ಮಾಡಿದವರು ಮೊದಲ ಕೆಲವು ವಾರ ಪದೇ ಪದೇ ತೆರೆದು ನೋಡುವ ಪುಟವೊಂದಿದೆ. ತಮ್ಮ ತಾಣಕ್ಕೆ ಬೇರೆ ಯಾರು ಯಾರು ಕೊಂಡಿ (ಬ್ಯಾಕ್‌ಲಿಂಕ್) ಕೊಟ್ಟಿದ್ದಾರೆ ಎಂದು ಸರ್ಚ್ ಎಂಜಿನ್ ವರದಿ ಮಾಡುವ ಪುಟ ಅದು. ಅಲ್ಲಿ ಬಹಳ ದಿನ ಕಾಣುವುದು ಸೊನ್ನೆ. ಇಲ್ಲವೇ ಮಾಹಿತಿ ಇನ್ನೂ ಸಿದ್ಧವಾಗಿಲ್ಲ ಎಂಬ ಒಂದು ಸಾಲು. ಗೆಳೆಯರ ತಾಣದಲ್ಲಿ ತಮ್ಮ ಕೊಂಡಿ ಇರುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ, ವರದಿಯಲ್ಲಿ ಮಾತ್ರ ಅದಿಲ್ಲ. ಹಣ ಪಡೆದು ಇಂಥದೇ ಲೆಕ್ಕ ಕೊಡುವ ಖಾಸಗಿ ಸೇವೆಗಳನ್ನು ಕೇಳಿದರೆ ಒಂದೊಂದು ಒಂದೊಂದು ಅಂಕಿ ಹೇಳುತ್ತದೆ. ಯಾರದು ಸುಳ್ಳು ಎಂಬ ಅನುಮಾನ ಸಹಜವೇ. ಆದರೆ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಪೂರ್ತಿ ಲೆಕ್ಕ ಒಪ್ಪಿಸುವುದು ಈ ವರದಿಯ ಉದ್ದೇಶವಾಗಿ ಉಳಿದಿಲ್ಲ; ಅದು ಹಾಗಾಗಿದ್ದಕ್ಕೆ ಎರಡೂವರೆ ದಶಕಗಳ ಹಿನ್ನೆಲೆಯಿದೆ.

ಶಿಫಾರಸು ಸರಕಾದ ಬಗೆ

1990ರ ದಶಕದ ನಡುವಿನವರೆಗೆ ಸರ್ಚ್ ಎಂಜಿನ್‌ಗಳು ಹೆಚ್ಚಾಗಿ ಪುಟದೊಳಗಿನ ಪದಗಳನ್ನೇ ನೆಚ್ಚಿಕೊಂಡಿದ್ದವು. ಒಂದೇ ಪದವನ್ನು ನೂರು ಸಲ ಬರೆದು ಅವುಗಳನ್ನು ಏಮಾರಿಸುವುದು ಕಷ್ಟವಿರಲಿಲ್ಲ. ಆಗ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಬೇರೊಂದು ಅಳತೆಗೋಲು ಹಿಡಿದರು. ವಿದ್ವತ್ ಪ್ರಬಂಧದ ತೂಕವನ್ನು ಅದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬುದರಿಂದ ಅಳೆಯುವ ಪದ್ಧತಿ ಹಳೆಯದು. ವಿಜ್ಞಾನ ಲೇಖನಗಳ ಉಲ್ಲೇಖಸೂಚಿ 1964ರಲ್ಲೇ ಪ್ರಕಟವಾಗಿತ್ತು. ಅದೇ ತರ್ಕವನ್ನು ಅವರು ಜಾಲಪುಟಗಳಿಗೆ ಅನ್ವಯಿಸಿದರು. 1998ರಲ್ಲಿ ಬಹಿರಂಗವಾದ ‘ಪೇಜ್‌ರ‍್ಯಾಂಕ್’ ಸೂತ್ರದಲ್ಲಿ ಪ್ರತಿ ಪುಟವೂ ತನ್ನ ತೂಕವನ್ನು ತಾನು ಕೊಡುವ ಕೊಂಡಿಗಳಿಗೆ ಹಂಚುತ್ತದೆ. ಹಾಗಾಗಿ ಯಾರೂ ಗಮನಿಸದ ನೂರು ಪುಟಗಳು ಕೊಟ್ಟ ಕೊಂಡಿಗಿಂತ ಹತ್ತಾರು ಕಡೆಯಿಂದ ಮನ್ನಣೆ ಪಡೆದ ಒಂದು ಪುಟ ಕೊಟ್ಟ ಕೊಂಡಿ ಹೆಚ್ಚು ತೂಗಬಹುದು.

ತೂಕ ಬಂದಮೇಲೆ ಅದಕ್ಕೆ ಬೆಲೆಯೂ ಬಂತು. 2000ದಲ್ಲಿ ಆ ಇಬ್ಬರು ಕಟ್ಟಿದ ಸರ್ಚ್ ಎಂಜಿನ್ ಕಂಪನಿ ಬ್ರೌಸರ್‌ಗೆ ಅಂಟಿಸಿಕೊಳ್ಳುವ ಪಟ್ಟಿಯೊಂದನ್ನು ಕೊಟ್ಟು, ಪ್ರತಿ ಪುಟದ ತೂಕವನ್ನು 0ಯಿಂದ 10ರವರೆಗಿನ ಅಂಕಿಯಲ್ಲಿ ಎಲ್ಲರಿಗೂ ಕಾಣುವಂತೆ ಮಾಡಿತು. ಅದು ಸಂತೆಯ ತಕ್ಕಡಿಯಾಗಲು ತಡವಾಗಲಿಲ್ಲ. ಆರು ಅಂಕದ ಪುಟದಿಂದ ಕೊಂಡಿ ಬೇಕಿದ್ದರೆ ಇಷ್ಟು, ಏಳಾದರೆ ಇಷ್ಟು ಎಂದು ದರ ಕುದುರಿತು. ಕೊಳ್ಳಲು ಹಣವಿಲ್ಲದವರು ಅದಲುಬದಲಿಗೆ ಇಳಿದರು: ನೀವು ನಮಗೊಂದು ಕೊಂಡಿ ಕೊಡಿ, ನಾವು ನಿಮಗೊಂದು ಕೊಡುತ್ತೇವೆ. ಮದುವೆ ಮನೆಯ ಮುಯ್ಯಿ ಬಲ್ಲ ನಮಗೆ ಈ ವ್ಯವಹಾರ ಹೊಸದೇನಲ್ಲ. ಮುಯ್ಯಿಯನ್ನು ಯಾರೂ ನಿಷ್ಪಕ್ಷ ಶಿಫಾರಸು ಎಂದು ಕರೆಯುವುದಿಲ್ಲ, ಅಷ್ಟೇ.

ಬೇರೆಯವರ ತಾಣಗಳ ಪ್ರತಿಕ್ರಿಯೆಯ ಜಾಗದಲ್ಲಿ ಕೊಂಡಿ ತುರುಕುವ ಚಾಳಿ ಹೆಚ್ಚಿದಾಗ, 2005ರ ಜನವರಿಯಲ್ಲಿ ಮೂರು ಎದುರಾಳಿ ಕಂಪನಿಗಳು ಒಟ್ಟಾಗಿ ‘ನೋಫಾಲೋ’ ಎಂಬ ಗುರುತನ್ನು ಜಾರಿಗೆ ತಂದವು. ಈ ಕೊಂಡಿಗೆ ನಮ್ಮ ಶಿಫಾರಸಿಲ್ಲ ಎಂಬುದು ಅದರ ಅರ್ಥ. 2012ರ ಏಪ್ರಿಲ್‌ನಲ್ಲಿ ಕೃತಕ ಕೊಂಡಿಗಳನ್ನು ದಂಡಿಸುವ ದೊಡ್ಡ ಬದಲಾವಣೆ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಬೇಡದ ಕೊಂಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ತಾಣದ ಒಡೆಯರೇ ಹೇಳಿಕೊಳ್ಳುವ ಸೌಲಭ್ಯವೂ ಬಂತು. ಎಲ್ಲರಿಗೂ ಕಾಣುತ್ತಿದ್ದ ಅಂಕಿ 2016ರಲ್ಲಿ ಮರೆಯಾಯಿತು. ಸೂತ್ರ ಮಾತ್ರ ಒಳಗೊಳಗೇ ಉಳಿಯಿತು.

ಬಹಿರಂಗದಿಂದ ಖಾಸಗಿ ಖಾತೆಗೆ

ಒಂದು ಕಾಲಕ್ಕೆ ಶೋಧದ ಚೌಕದಲ್ಲೇ ‘ಲಿಂಕ್’ ಎಂಬ ಆದೇಶಪದದ ಮುಂದೆ ಯಾವುದೇ ತಾಣದ ವಿಳಾಸ ಬರೆದು ಅದಕ್ಕಿರುವ ಕೊಂಡಿಗಳನ್ನು ಯಾರಾದರೂ ನೋಡಬಹುದಿತ್ತು. ಅತಿ ದೊಡ್ಡ ಸರ್ಚ್ ಎಂಜಿನ್ ಅಲ್ಲಿ ತೋರಿಸುತ್ತಿದ್ದುದು ತನಗೆ ಗೊತ್ತಿದ್ದುದರ ಚೂರೊಂದನ್ನು ಮಾತ್ರ. ಅದರ ಎದುರಾಳಿಯೊಂದು 2005ರಲ್ಲಿ ಶುರುಮಾಡಿದ ತಾಣಶೋಧಕ ಹೆಚ್ಚು ಉದಾರವಾಗಿತ್ತು. 2011ರಲ್ಲಿ ಅದು ಮುಚ್ಚಿತು. 2017ರಲ್ಲಿ ದೊಡ್ಡ ಕಂಪನಿಯೂ ಹಳೆಯ ಆದೇಶಪದವನ್ನು ಬಿಟ್ಟುಬಿಡಿ ಎಂದು ಹೇಳಿತು.

ಈಗ ಉಳಿದಿರುವುದು ಒಡೆತನ ದೃಢಪಡಿಸಿದವರಿಗಷ್ಟೇ ತೆರೆಯುವ ಖಾತೆ. 2007ರಿಂದ ಅಲ್ಲಿ ಕೊಂಡಿಗಳ ವರದಿ ಸಿಗುತ್ತಿದೆ. ಅದರ ಕೋಷ್ಟಕಗಳಿಗೆ 1,000 ಸಾಲುಗಳ ಮಿತಿಯಿದೆ. ಕೊಂಡಿಗಳ ಪಟ್ಟಿ ಇಳಿಸಿಕೊಂಡರೆ ಹೆಚ್ಚೆಂದರೆ 1,00,000 ಸಾಲು. ಇದು ಮಾದರಿಯೇ ಹೊರತು ಸಮಗ್ರ ಪಟ್ಟಿಯಲ್ಲ ಎಂದು ಕಂಪನಿಯ ಸಹಾಯಪುಟವೇ ಒಪ್ಪುತ್ತದೆ. ‘ನೋಫಾಲೋ’ ಗುರುತಿನ ಕೊಂಡಿಗಳೂ ಇದೇ ಪಟ್ಟಿಯಲ್ಲಿ ಸೇರಿರುತ್ತವೆ. ಹಾಗಾಗಿ ವರದಿಯಲ್ಲಿ ಕಂಡ ಕೊಂಡಿಗೆ ತೂಕವಿದೆ ಎಂದಾಗಲೀ, ಕಾಣದ್ದಕ್ಕೆ ಇಲ್ಲವೆಂದಾಗಲೀ ತೀರ್ಮಾನಿಸಲು ಬರುವುದಿಲ್ಲ. ಪೂರ್ತಿ ಪಟ್ಟಿ ಕೊಟ್ಟರೆ ಮೋಸಗಾರರು ಯಾವ ಕೊಂಡಿ ಫಲಿಸಿತು, ಯಾವುದು ಸಿಕ್ಕಿಬಿತ್ತು ಎಂದು ಪರೀಕ್ಷಿಸಿ ನೋಡುತ್ತಾರೆ ಎಂಬುದು ಈ ಅರೆತನದ ಹಿಂದಿನ ವಾದ.

ಹೊಸಬರಿಗೇ ಹೆಚ್ಚು ಪೆಟ್ಟು

ಅರೆಲೆಕ್ಕದಿಂದ ಹಳೆಯ ತಾಣಗಳಿಗೆ ಅಷ್ಟು ತೊಂದರೆಯಿಲ್ಲ. ಹತ್ತು ಸಾವಿರದಲ್ಲಿ ಎರಡು ಸಾವಿರ ಕಂಡರೂ ಒಟ್ಟು ಚಿತ್ರ ತಿಳಿಯುತ್ತದೆ. ಐದೇ ಕೊಂಡಿ ಇರುವವರಿಗೆ ಒಂದೂ ಕಾಣದಿದ್ದರೆ ಚಿತ್ರವೇ ಇಲ್ಲ. ಇದಕ್ಕೆ ಕಾರಣ ಕೆಲಸ ನಡೆಯುವ ಕ್ರಮದಲ್ಲಿದೆ. ಸರ್ಚ್ ಎಂಜಿನ್‌ನ ಕ್ರಾಲರ್ ಕೊಂಡಿಯಿಂದ ಕೊಂಡಿಗೆ ದಾಟುತ್ತಾ ಸಾಗುವ ತಂತ್ರಾಂಶ. ನಿಮ್ಮ ಬಗ್ಗೆ ಬರೆದ ಪುಟವನ್ನು ಅದು ಮೊದಲು ತಲುಪಬೇಕು. ಜನಪ್ರಿಯ ಸುದ್ದಿತಾಣಕ್ಕೆ ಅದು ದಿನಕ್ಕೆ ಹಲವು ಸಲ ಹೋದೀತು. ಗೆಳೆಯರ ಪುಟ್ಟ ತಾಣದ ಒಳಪುಟಕ್ಕೆ ಹೋಗಲು ವಾರಗಳೇ ಬೇಕಾದೀತು. ಹೋದಮೇಲೂ ಆ ಪುಟ ಸೂಚಿಯಲ್ಲಿ ಇಡಲು ಯೋಗ್ಯವೇ ಎಂದು ಅದು ತೂಗುತ್ತದೆ. ಒಂದೇ ಬರಹ ನಾಲ್ಕು ವಿಳಾಸಗಳಲ್ಲಿದ್ದರೆ ಒಂದನ್ನು ಮೂಲವೆಂದು ಆರಿಸಿ ಉಳಿದವನ್ನು ಅದರಲ್ಲಿ ವಿಲೀನ ಮಾಡುತ್ತದೆ. ಇಷ್ಟೆಲ್ಲ ಮುಗಿದಮೇಲೆ ವರದಿಯ ಸರದಿ. ಒಡೆಯರು ಮಾಡುವ ತಪ್ಪೂ ಒಂದಿದೆ: ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ವಿಳಾಸವನ್ನು ಖಾತೆಗೆ ಸೇರಿಸಿ, ಅದಿಲ್ಲದ ವಿಳಾಸವನ್ನು ಬಿಟ್ಟಿರುತ್ತಾರೆ. 2019ರಿಂದ ಇಡೀ ಡೊಮೈನನ್ನು ಒಟ್ಟಿಗೆ ನೋಂದಾಯಿಸುವ ದಾರಿಯಿದ್ದರೂ ಹಲವರಿಗೆ ಅದು ತಿಳಿದಿಲ್ಲ.

ಖಾಸಗಿ ಸೇವೆಗಳದು ಬೇರೆಯೇ ಲೋಕ. ಅವು ತಮ್ಮದೇ ಕ್ರಾಲರ್‌ಗಳನ್ನು ಓಡಿಸುತ್ತವೆ, ಎಷ್ಟೋ ತಾಣಗಳು ಅವುಗಳಿಗೆ ಬಾಗಿಲು ಹಾಕಿರುತ್ತವೆ. ಅವು ಕೊಡುವ ನೂರರೊಳಗಿನ ‘ಅಧಿಕಾರ’ದ ಅಂಕ ಆಯಾ ಸೇವೆಯ ಅಂದಾಜು, ಸರ್ಚ್ ಎಂಜಿನ್‌ನ ಮಾತಲ್ಲ. ಹೊಸ ಡೊಮೈನ್‌ಗಳ ಹೆಸರನ್ನು ಯಂತ್ರದಿಂದಲೇ ಗುಡ್ಡೆಹಾಕುವ ತಾಣಗಳಿವೆ. ಹೊಸಬರ ಪಟ್ಟಿಯಲ್ಲಿ ಎಷ್ಟೋ ಸಲ ಮೊದಲು ಕಾಣುವುದು ಇಂಥ ಕಸವೇ. ಅದನ್ನು ತೋರಿಸಿ ಹೆದರಿಸಿ, ಗುಡಿಸಿಕೊಡುತ್ತೇವೆ ಎಂದು ಇಮೇಲ್ ಕಳಿಸುವವರಿಗೂ ಕೊರತೆಯಿಲ್ಲ. 2016ರ ನಂತರ ಸರ್ಚ್ ಎಂಜಿನ್ ಇಂಥ ಕೊಂಡಿಗಳಿಗಾಗಿ ತಾಣವನ್ನು ದಂಡಿಸುವ ಬದಲು ಬಹುಮಟ್ಟಿಗೆ ಅವುಗಳ ಬೆಲೆ ಕಳೆಯುತ್ತಿದೆ ಎಂಬುದನ್ನು ಆ ಇಮೇಲ್‌ಗಳು ಹೇಳುವುದಿಲ್ಲ.

ಕನ್ನಡದ ತಾಣಗಳಿಗೆ ಇನ್ನೊಂದು ಸುತ್ತಿನ ಕಷ್ಟವಿದೆ. ನಮ್ಮಲ್ಲಿ ಒಳ್ಳೆಯ ಬರಹ ಹರಡುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅಲ್ಲಿಗೆ ಕ್ರಾಲರ್ ಕಾಲಿಡುವಂತಿಲ್ಲ. ಪತ್ರಿಕೆಯೊಂದು ತಾಣದ ಹೆಸರನ್ನು ಹೊಗಳಿ ಅಚ್ಚು ಹಾಕಿದರೂ ಇ-ಪೇಪರಿನ ಚಿತ್ರದಲ್ಲಿ ಅದು ಬರೀ ಅಕ್ಷರ, ಕೊಂಡಿಯಲ್ಲ. ಓದುಗರೇ ಬರೆದು ಬೆಳೆಸುವ ಕನ್ನಡ ವಿಶ್ವಕೋಶದಲ್ಲಿ ಆಕರವಾಗಿ ಹೆಸರು ಬಂದರೆ ಅದಕ್ಕೆ ‘ನೋಫಾಲೋ’ ಗುರುತು ಅಂಟಿರುತ್ತದೆ. ಇಷ್ಟು ದಾಟಿ ಬಂದ ಕೊಂಡಿಯನ್ನು ಗುರುತಿಸುವುದಕ್ಕೂ ತಾಳ್ಮೆ ಬೇಕು. ‘ಕನ್ನಡ’ ಎಂಬ ಪದವೊಂದೇ ವಿಳಾಸದ ಸಂಕೇತಕ್ಕೆ ತಿರುಗಿದಾಗ ಶೇಕಡಾ ಚಿಹ್ನೆಗಳೂ ಸೇರಿ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ.

ಗುಟ್ಟಿಗೂ ಮಿತಿ

ಸರ್ಚ್ ಎಂಜಿನ್‌ಗಳ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ತಕ್ಕಡಿಯನ್ನು ಬಯಲಲ್ಲಿಟ್ಟ ಹದಿನಾರು ವರ್ಷಗಳಲ್ಲಿ ಏನಾಯಿತು ಎಂಬುದು ನಮ್ಮ ಕಣ್ಣಮುಂದಿದೆ. ಮೋಸದ ಕೊಂಡಿಗಳಿಂದ ಹೆಚ್ಚು ನಷ್ಟ ಉಂಡವರೂ ಕೊಳ್ಳಲಾಗದ ಸಣ್ಣ ತಾಣಗಳೇ. ಎದುರು ವಾದಕ್ಕೂ ಬಲವಿದೆ. ಜಾಲದ ಮೇಲಿನ ಕೊಂಡಿಗಳು ಸಾರ್ವಜನಿಕರು ಕಟ್ಟಿದವು, ಅವುಗಳ ಲೆಕ್ಕ ಒಂದೆರಡು ಕಂಪನಿಗಳ ಗುಟ್ಟಾಗಿದೆ. ಗುಟ್ಟಿನ ಖಾಲಿ ಜಾಗದಲ್ಲಿ ಅಂದಾಜು ಮಾರುವ ದೊಡ್ಡ ಉದ್ಯಮವೇ ಬೆಳೆದಿದೆ, ಅದರ ಚಂದಾ ತೆರುವವರಲ್ಲಿ ಹೊಸಬರೂ ಸೇರಿದ್ದಾರೆ.

ಪೂರ್ತಿ ಪಟ್ಟಿ ಬೇಕೆಂದು ಹಟ ಹಿಡಿಯುವುದು ಸಾಧುವೆನಿಸುವುದಿಲ್ಲ. ಆದರೆ ಮಾದರಿಯನ್ನು ಕೊಡುವವರು ಅದು ಯಾವುದರ ಮಾದರಿ ಎಂದು ಹೇಳಬೇಕಾಗುತ್ತದೆ. ಇಳಿಸಿಕೊಂಡ ಕಡತದಲ್ಲಿ ಒಂದೊಂದು ಕೊಂಡಿಯನ್ನು ಕ್ರಾಲರ್ ಕೊನೆಗೆ ನೋಡಿದ ತಾರೀಖು ಈಗಾಗಲೇ ಸಿಗುತ್ತದೆ. ತಿಳಿದಿರುವ ಕೊಂಡಿಗಳಲ್ಲಿ ಈ ಪಟ್ಟಿ ಸುಮಾರು ಎಷ್ಟನೇ ಪಾಲು ಎಂಬ ಇನ್ನೊಂದು ಅಂಕಿಯನ್ನು ಅದರ ಪಕ್ಕದಲ್ಲಿಟ್ಟರೆ ಯಾವ ಮೋಸಗಾರನಿಗೂ ಕೀಲಿಕೈ ಸಿಗುವುದಿಲ್ಲ. ಆ ಸೊನ್ನೆಯ ಮುಂದೆ ಕುಳಿತವರಿಗೆ ಕಾಯಬೇಕೋ, ತಾಣವನ್ನು ತಿದ್ದಬೇಕೋ ಎಂಬುದಾದರೂ ಗೊತ್ತಾಗುತ್ತದೆ.