ಮನೆಸಾಲದ ಕಾಗದ ನಮಗೆ ಅರ್ಥವಾಗುವ ಭಾಷೆಯಲ್ಲಿರಲಿ

ಕಾಸರಗೋಡಿನ ಎಷ್ಟೋ ಮನೆಗಳ ಗೋಡೆಗಳು ಗಲ್ಫಿನ ಸಂಬಳವನ್ನು ನಂಬಿ ಎದ್ದವು. 2020ರಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದವರಿಗೆ ಸಂಬಳ ನಿಂತಿತು, ಸಾಲ ನಿಲ್ಲಲಿಲ್ಲ. ಆ ವರ್ಷದ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶವಿತ್ತರೂ ಅದು ಮನ್ನಾ ಆಗಿರಲಿಲ್ಲ. ಬಡ್ಡಿ ಬೆಳೆಯುತ್ತಲೇ ಇತ್ತು.

ಅವರು ಚೇತರಿಸಿಕೊಳ್ಳುವ ಮೊದಲೇ, 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ದರವು ಶೇ. 4ರಿಂದ 6.5ಕ್ಕೆ ಏರಿತು. ಬದಲಾಗುವ ಬಡ್ಡಿದರದ ಸಾಲದಲ್ಲಿ ಇದರ ಪರಿಣಾಮವೇನು? 10 ಲಕ್ಷ ರೂಪಾಯಿಯನ್ನು 20 ವರ್ಷಗಳ ಅವಧಿಗೆ ಶೇ. 7ರ ದರದಲ್ಲಿ ಪಡೆದರೆ ತಿಂಗಳ ಕಂತು 7,753 ರೂಪಾಯಿ. ದರವು ಶೇ. 9.5 ಆದಾಗ ಅಷ್ಟೇ ಅಸಲಿನ ಒಂದು ತಿಂಗಳ ಬಡ್ಡಿಯೇ ಸುಮಾರು 7,917 ರೂಪಾಯಿ. ಹಳೆಯ ಕಂತನ್ನು ಒಂದು ದಿನವೂ ತಪ್ಪದೆ ಕಟ್ಟಿದವನ ಸಾಲವೂ ಏರುತ್ತದೆ! ಹೈಸ್ಕೂಲು ಮಕ್ಕಳೂ ಮಾಡಬಲ್ಲ ಲೆಕ್ಕವಿದು. ಆದರೆ ಸಹಿ ಹಾಕುವಾಗ ಯಾರೂ ನಮಗಿದನ್ನು ಮಾಡಿ ತೋರಿಸುವುದಿಲ್ಲ. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ವಿಸ್ತರಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ.

ಕಂತು 90 ದಿನಗಳಿಗಿಂತ ಹೆಚ್ಚು ಬಾಕಿಯಾದರೆ ಸಾಲವು ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ. ಬಳಿಕ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟೀಸು ಬರುತ್ತದೆ. ನೋಟೀಸು ಬಂದ ಮಾತ್ರಕ್ಕೆ ಮನೆ ಕೈಬಿಟ್ಟಿತೆಂದಲ್ಲ. ಲಿಖಿತ ಆಕ್ಷೇಪ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಲೇಬೇಕು. ಮನೆಯನ್ನು ಸ್ವಾಧೀನಪಡಿಸಿಕೊಂಡರೂ ಎರ್ನಾಕುಳಂನ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಮೊರೆಹೋಗಬಹುದು.

ದುರಂತವೆಂದರೆ ಈ ದಿನಗಳೆಲ್ಲ ಕಾಗದ ಓದಲಾಗದೆಯೇ ಕಳೆದುಹೋಗುತ್ತವೆ. ರಕ್ಷಕರೊಬ್ಬರು ಇಂಗ್ಲಿಷ್ ನೋಟೀಸನ್ನು ಮಗಳ ಪುಸ್ತಕದೊಳಗಿಟ್ಟು ನನ್ನ ಬಳಿಗೆ ಕಳುಹಿಸಿದಾಗ 60ರಲ್ಲಿ 52 ದಿನಗಳು ಮುಗಿದಿದ್ದವು.

2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಮನೆಸಾಲಗಳಿಗೆ ಬಡ್ಡಿ, ಶುಲ್ಕ, ಕಂತುಗಳ ಮುಖ್ಯ ವಿವರಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಟ್ಟು ವಿವರಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ರಾಜ್ಯದ ಭಾಷೆಯೆಂದಲ್ಲ, ಸಾಲಗಾರನಿಗೆ ಅರ್ಥವಾಗುವ ಭಾಷೆ. ಆದ್ದರಿಂದ ಕನ್ನಡದಲ್ಲಿ ಕೊಡಿರೆಂದು ಶಾಖೆಯಲ್ಲಿ ಲಿಖಿತವಾಗಿ ಕೇಳಿ, ಮನವಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಈಗಾಗಲೇ ನೋಟೀಸು ಬಂದಿದ್ದರೆ ಸಂಕೋಚಪಡದೆ ಅಂದೇ ಶಾಲೆಗೆ ತನ್ನಿ. ಲಕೋಟೆಯನ್ನು ಎಸೆಯಬೇಡಿ.