ಒಂದು ಬೀಡಿಯ ದೂರ

ನಮ್ಮ ದಕ್ಕೆಯಿಂದ ಅಳಿವೆಯ ಬಾಯಿಗೆ ಎಷ್ಟು ದೂರವೆಂದು ನನ್ನ ಸೋದರಮಾವನನ್ನು ಕೇಳಿದರೆ ಅವರು ಕಿಲೋಮೀಟರಿನ ಲೆಕ್ಕ ಹೇಳುವವರಲ್ಲ. “ಒಂದ್ ಬೀಡಿ” ಎನ್ನುತ್ತಾರೆ. ದೋಣಿ ಬಿಡುವಾಗ ಹಚ್ಚಿದ ಬೀಡಿ ಬೆರಳು ಸುಡುವ ಹೊತ್ತಿಗೆ ಕಡಲಿನ ತೆರೆ ಕಣ್ಣಿಗೆ ಬೀಳಬೇಕು. 1998ರಲ್ಲಿ ಅವರು ಕೊಂಡ ಹದಿನೆಂಟು ಅಡಿಯ ಫೈಬರ್ ದೋಣಿಯೂ ಅದರ ಹಿಂದೆ ತೂಗುವ 25 ಅಶ್ವಶಕ್ತಿಯ ಇಂಜಿನ್ನೂ ಬಹುಕಾಲ ಈ ಮಾತನ್ನು ಉಳಿಸಿಕೊಂಡು ಬಂದಿದ್ದವು. 2023ರ ಅಕ್ಟೋಬರ್ ರಜೆಯಲ್ಲಿ ನಾನು ಊರಿಗೆ ಹೋದಾಗ ಆ ದೂರ ಒಂದೂವರೆ ಬೀಡಿಯಾಗಿತ್ತು. ಮನೆಯಲ್ಲಿ ತಂದೆಮಕ್ಕಳ ನಡುವೆ ಮಾತು ನಿಂತಿತ್ತು.

ಊರು ಗಂಗೊಳ್ಳಿಯ ಬಳಿ. ಸೌಪರ್ಣಿಕೆ, ವಾರಾಹಿ, ಚಕ್ರ, ಕುಬ್ಜ, ಕೇದಕ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯೆನಿಸಿಕೊಂಡು ಅಲ್ಲಿ ಕಡಲನ್ನು ಸೇರುತ್ತವೆ. ನೋಡುವವರಿಗೆ ಅದು ರಮ್ಯವಾದ ಸ್ಥಳ, ದುಡಿಯುವವರಿಗೆ ಭಯದ ಬಾಗಿಲು. ಹೊರಹೋಗುವ ನೀರಿಗೆ ಒಳಬರುವ ತೆರೆ ಎದುರಾದಾಗ ಅಳಿವೆಯಲ್ಲಿ ನೀರು ಎದ್ದು ಮುರಿಯುತ್ತದೆ. ಹಿಂದಿನಿಂದ ಬರುವ ತೆರೆಗಿಂತ ದೋಣಿ ನಿಧಾನವಾದರೆ ತೆರೆ ಅದನ್ನು ಅಡ್ಡ ತಿರುಗಿಸಿಬಿಡಬಲ್ಲದು. ಮಧ್ಯಾಹ್ನದ ಗಾಳಿ ಬಲಿಯುವ ಮೊದಲೇ ಒಳಗೆ ಬರಬೇಕು. ಮೊದಲು ಬಂದವನ ಮೀನಿಗೆ ದಕ್ಕೆಯ ಹರಾಜಿನಲ್ಲಿ ಬೆಲೆಯೂ ಹೆಚ್ಚು. ಆದುದರಿಂದ ವೇಗವೆಂಬುದು ಅಲ್ಲಿ ಪಡ್ಡೆ ಹುಡುಗರ ಷೋಕಿಯ ವಿಷಯವಲ್ಲ.

ಮಾವನ ಮಗ, ಎಂದರೆ ನನ್ನ ಭಾವಮೈದುನ, ಒಂದು ನಿರ್ಧಾರಕ್ಕೆ ಬಂದಿದ್ದ. “ಭಾವ, ಈ ಇಂಜಿನ್ನಂಗೆ ಇನ್ನ್ ಎಂತದೂ ಇಲ್ಲ. ನಲ್ವತ್ತರದ್ದ್ ಹಾಕದೇ ಆಪ್ದಲ್ಲ” ಎಂದ. ನಲವತ್ತು ಅಶ್ವಶಕ್ತಿಯ ಹೊಸ ಇಂಜಿನ್ನಿಗೆ ಹಣವೆಲ್ಲಿ? ಹೆಂಡತಿಯ ನಾಲ್ಕು ಬಳೆ ಅಡವಿಡುವುದೆಂದು ಮಾತಾಗಿತ್ತು. ಆಕೆ ಏನೂ ಹೇಳಿರಲಿಲ್ಲ. ಬಳೆಗಳನ್ನು ಮಾತ್ರ ಅಂದಿನಿಂದ ಕೈಯಿಂದ ತೆಗೆದಿರಲಿಲ್ಲ. ಮಾವ ಜಗಲಿಯಲ್ಲಿ ಕುಳಿತು, ಯಾರಿಗೂ ಹೇಳದವರಂತೆ, “ದೋಣಿಗೆ ಎಂತದೂ ಆಯ್ಲಿಲ್ಲ” ಎಂದರು. ಅವರಿಗೆ ಮಂಡಿ ನೋವು ಬಂದು ಮೂರು ವರ್ಷ. ದೋಣಿ ಹಳತಾಯಿತೆಂದು ಮಗ ಅಂದಾಗಲೆಲ್ಲ ಅವರು ತಮ್ಮ ಕಾಲನ್ನು ನೀವಿಕೊಳ್ಳುತ್ತಿದ್ದರು.

ತೀರ್ಪು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುವವನಿಗೂ ದೋಣಿಯ ಇಂಜಿನ್ನಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಸ್ವಲ್ಪ ಉಂಟು. ನಾಲ್ಕಾರು ಕೈ ದಾಟಿ ಬಂದ ಓಲೆಗರಿಯ ಪ್ರತಿಯೊಂದು ಅರ್ಥವಾಗದಿದ್ದರೆ ಕವಿಯೇ ತಪ್ಪಿದನೆಂದು ನಾವು ಹೇಳುವುದಿಲ್ಲ. ಲಿಪಿಕಾರರ ತಪ್ಪುಗಳನ್ನು ಒಂದೊಂದಾಗಿ ತೆಗೆದು ನೋಡುತ್ತೇವೆ. ಇಪ್ಪತ್ತೈದು ವರ್ಷಗಳಲ್ಲಿ ಈ ದೋಣಿಗೂ ಅನೇಕ ಲಿಪಿಕಾರರು ಆಗಿಹೋಗಿದ್ದರು.

ಮೊದಲು ಅಳತೆಯಾಗಬೇಕಿತ್ತು. ಮೊಬೈಲಿನ ಉಪಗ್ರಹ ಸಂಕೇತದಿಂದ ವೇಗ ತಿಳಿಯುತ್ತದೆ. ಭಾವಮೈದುನ ತಾನು ಆಗಲೇ ನೋಡಿರುವುದಾಗಿಯೂ ಗಂಟೆಗೆ ಇಪ್ಪತ್ತೇ ಕಿಲೋಮೀಟರ್ ಬರುವುದಾಗಿಯೂ ಹೇಳಿದ. ಯಾವಾಗ ನೋಡಿದೆ ಎಂದು ಕೇಳಿದರೆ, ಮರಳಿ ಬರುವಾಗ, ಇಳಿತದ ನೀರಿಗೆ ಎದುರಾಗಿ! ಮಾವ ಹೇಳುತ್ತಿದ್ದ ಒಂದು ಬೀಡಿಯೋ ಹೊರಹೋಗುವಾಗಿನದು, ಇಳಿತ ಬೆನ್ನಿಗಿದ್ದಾಗಿನದು. ಒಬ್ಬರು ನೀರಿನ ಓಟವನ್ನು ಸೇರಿಸಿ ಹೇಳುತ್ತಿದ್ದರು, ಇನ್ನೊಬ್ಬರು ಕಳೆದು ಹೇಳುತ್ತಿದ್ದರು. ಜಗಳದ ಅರ್ಧ ಪಾಲು ಇಲ್ಲಿಯೇ ಇತ್ತು. ಅದೇ ಹಾದಿಯಲ್ಲಿ ಎರಡು ದಿಕ್ಕಿಗೂ ಓಡಿಸಿ ಸರಾಸರಿ ತೆಗೆದೆವು. ಹೋಗುವಾಗ 26, ಬರುವಾಗ 20. ದೋಣಿಯ ನಿಜವಾದ ವೇಗ 23. ಹೊಸತರಲ್ಲಿ ಅದು 34ರ ಆಸುಪಾಸಿನಲ್ಲಿ ಓಡಿರಬೇಕೆಂದು ಬೀಡಿಯ ಲೆಕ್ಕದಿಂದ ನಾನು ಅಂದಾಜು ಮಾಡಿದೆ.

ಇಂಥ ಹಗುರ ದೋಣಿಗಳ ವೇಗಕ್ಕೆ ಅಮೆರಿಕದ ವಿನ್ಯಾಸಕಾರ ಜಾರ್ಜ್ ಕ್ರೌಚ್ ಕೊಟ್ಟ ಒಂದು ಸೂತ್ರವುಂಟು. ಅಶ್ವಶಕ್ತಿಯನ್ನು ಒಟ್ಟು ತೂಕದಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಅದರ ಪ್ರಮಾಣದಲ್ಲಿರುತ್ತದೆ. ವರ್ಗಮೂಲವೆಂಬ ಆ ಒಂದು ಪದ ಸಾಲಗಾರನಿಗೆ ಬಹಳ ಮುಖ್ಯ. 25ರಿಂದ 40ಕ್ಕೆ ಹೋದರೆ ಶಕ್ತಿ ನೂರಕ್ಕೆ ಅರವತ್ತು ಹೆಚ್ಚುತ್ತದೆ, ವೇಗ ಮಾತ್ರ ನೂರಕ್ಕೆ ಇಪ್ಪತ್ತಾರು. 23 ಇದ್ದದ್ದು 29 ಆಗುತ್ತದೆ. ದೊಡ್ಡ ಇಂಜಿನ್ನಿನ ಹೆಚ್ಚುವರಿ ತೂಕವನ್ನು ಎಣಿಸಿದರೆ ಅಷ್ಟೂ ಇಲ್ಲ. ನಾಲ್ಕು ಬಳೆಗೆ ಆರು ಕಿಲೋಮೀಟರ್. ಈ ಲೆಕ್ಕವನ್ನು ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಆಕೆ ಬಾಗಿಲ ಮರೆಯಿಂದಲೇ ಓದಿಕೊಂಡು ಒಳಗೆ ಹೋದಳು.

ಇಂಜಿನ್ನಿನ ಮುಚ್ಚಳ ತೆಗೆದು ವೇಗದ ಹಿಡಿಯನ್ನು ಪೂರ್ತಿ ತಿರುಗಿಸಿದೆವು. ಕಾರ್ಬ್ಯುರೇಟರಿನ ಬಾಗಿಲು ಮುಕ್ಕಾಲು ತೆರೆದು ನಿಂತಿತು. ತಂತಿ ಸವೆದು ಸಡಿಲಾಗಿತ್ತು! ರಿಪೇರಿಯವನೊಬ್ಬ ಎರಡು ಬಾರಿ ಹಣ ತೆಗೆದುಕೊಂಡಿದ್ದವನು ಇದನ್ನು ನೋಡಿರಲಿಲ್ಲ. ತಂತಿ ಬಿಗಿದ ಮೇಲೆ 25 ಬಂತು.

ಆಮೇಲೆ ದೋಣಿಯನ್ನು ದಡಕ್ಕೆಳೆದು ಮಗುಚಿದೆವು. ತಳವನ್ನು ಕಂಡು ಮಾವ ಮುಖ ತಿರುಗಿಸಿಕೊಂಡರು. ಅವರ ಕಾಲು ಗಟ್ಟಿಯಿದ್ದಾಗ ವರ್ಷಕ್ಕೆರಡು ಸಲ ತಾವೇ ಕೆರೆದು ತಿಕ್ಕುತ್ತಿದ್ದರು. ಮಗ ಮೂರು ವರ್ಷದಿಂದ ಚಿಪ್ಪುಹುಳುಗಳ ಬುಡವನ್ನು ಪೂರ್ತಿ ಕೀಳದೆ ಅವುಗಳ ಮೇಲೆಯೇ ಬಣ್ಣ ಬಳಿಯುತ್ತ ಬಂದಿದ್ದ. ಅಂಗೈ ಸವರಿದರೆ ತೆಂಗಿನಕಾಯಿ ತುರಿಯುವ ಹಲ್ಲಿನಂತೆ ತಾಗುತ್ತಿತ್ತು. ಇಷ್ಟು ಸಣ್ಣ ಒರಟುತನ ಎಷ್ಟು ಎಳೆದೀತು ಎಂಬ ಪ್ರಶ್ನೆ ಹಳೆಯದು. ಇಂಗ್ಲೆಂಡಿನ ವಿಲಿಯಂ ಫ್ರೂಡ್ 1872ರಲ್ಲಿ ಟಾರ್ಕಿ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಹಲಗೆಗಳಿಗೆ ಒಮ್ಮೆ ಅರಗು, ಒಮ್ಮೆ ಬಟ್ಟೆ, ಒಮ್ಮೆ ಮರಳು ಅಂಟಿಸಿ ಎಳೆದು ಅಳೆದನು. ಮೈಯ ಒರಟುತನಕ್ಕೆ ತಕ್ಕಂತೆ ನೀರಿನ ಹಿಡಿತ ಬಲು ಹೆಚ್ಚುವುದು ಅಲ್ಲಿ ಸಿದ್ಧವಾಯಿತು. ನಾವು ಮೂರು ದಿನ ಕೆರೆದೆವು. ಮಾವ ಕುರ್ಚಿ ಹಾಕಿಸಿಕೊಂಡು ಎದುರಿಗೆ ಕುಳಿತು, ಕೈಕೋಲಿನಿಂದ ತಪ್ಪಿಹೋದ ಜಾಗಗಳನ್ನು ತೋರಿಸುತ್ತಿದ್ದರು. ತಂದೆಮಕ್ಕಳು ಮಾತಾಡಿದ್ದು ಆಗಲೇ. ಬೈಗುಳವೇ ಆದರೂ ಮಾತು ಮಾತೇ.

ತಳ ಕೆರೆಯುವಾಗ ಇನ್ನೊಂದು ಸಂಗತಿ ಬಯಲಾಯಿತು. ಹಿಂಬದಿಯ ಮೂಲೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ದೋಣಿ ಮುಳುಗದಿರಲೆಂದು ಒಳಪದರದ ಕೆಳಗೆ ತುಂಬಿದ ನೊರೆಯಂಥ ವಸ್ತು ವರ್ಷಗಳಿಂದ ನೀರು ಕುಡಿದಿತ್ತು. ತೂತು ಕೊರೆದು ಓರೆಯಾಗಿ ನಿಲ್ಲಿಸಿ ಎರಡು ರಾತ್ರಿ ಬಿಟ್ಟೆವು. ಕೊಡದಲ್ಲಿ ಹಿಡಿದು ಎಣಿಸಿದರೆ ನೂರು ಲೀಟರಿಗೂ ಮಿಕ್ಕಿತ್ತು. ಒಂದೂವರೆ ಆಳಿನ ಭಾರವನ್ನು ದೋಣಿ ದಿನವೂ ಹೊತ್ತು ಕಡಲಿಗೆ ಹೋಗುತ್ತಿತ್ತು.

ಇಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ನಾನು ಸುತ್ತಿಗೆಯಿಂದ ತಟ್ಟುತ್ತ ಬಂದೆ. ಮೇಲೆ ಟಣ್ ಎನ್ನುತ್ತಿದ್ದುದು ಕೆಳಗಿನ ಬೋಲ್ಟುಗಳ ಸುತ್ತ ಹಲಸಿನ ಹಣ್ಣಿನಂತೆ ಮೆತ್ತಗೆ ದಬ್ ಎಂದಿತು. ಫೈಬರಿನ ಒಳಗಿನ ಪ್ಲೈವುಡ್ ಕೊಳೆತಿತ್ತು. ಈ ಹಲಗೆಗೆ ನಲವತ್ತರ ಇಂಜಿನ್ ಕಟ್ಟಿ ಅಳಿವೆಯ ತೆರೆಯಲ್ಲಿ ಪೂರ್ತಿ ತಿರುಗಿಸಿದ್ದರೆ ಏನಾಗುತ್ತಿತ್ತೆಂದು ನಾನು ಹೇಳಲಿಲ್ಲ. ಭಾವಮೈದುನ ಸುತ್ತಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ನಾಲ್ಕು ಸಲ ತಟ್ಟಿ ನೋಡಿದ. ಆ ಸಂಜೆ ಅವನು ಊಟ ಮಾಡಲಿಲ್ಲ. ಕೊಳೆತ ಭಾಗವನ್ನು ಕಿತ್ತು ಹೊಸ ಹಲಗೆ ಕೂರಿಸಿ ಫೈಬರ್ ಹಾಕಿಸಲು ಒಂದು ವಾರ ಹಿಡಿಯಿತು. ಇದರಿಂದ ವೇಗ ಒಂದಿಷ್ಟೂ ಹೆಚ್ಚಲಿಲ್ಲ.

ಮತ್ತೆ ನೀರಿಗಿಳಿಸಿದಾಗ 29. ಇಲ್ಲಿಂದ ಮುಂದೆ ಕೆಲಸ ಸೂಕ್ಷ್ಮವಾಯಿತು. ಹದಿನಾರು ಅಡಿ ನೀರಿನಲ್ಲಿ ಕೂರುವ ದೋಣಿ ನೀರನ್ನು ಸೀಳಿಕೊಂಡೇ ಹೋದರೆ ಗಂಟೆಗೆ ಹತ್ತು ಕಿಲೋಮೀಟರಿಗೆ ತನ್ನದೇ ಅಲೆಯ ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕಿಂತ ವೇಗ ಬೇಕಾದರೆ ಆ ಅಲೆಯನ್ನು ಹತ್ತಿ ನೀರಿನ ಮೇಲೆ ಜಾರಬೇಕು. ನಾವು ಬಾಲ್ಯದಲ್ಲಿ ಹಂಚಿನ ಚೂರನ್ನು ಕೆರೆಯ ಮೇಲೆ ಓರೆಯಾಗಿ ಎಸೆಯುತ್ತಿದ್ದೆವಷ್ಟೆ. ಕೋನ ತಪ್ಪಿದರೆ ಅದು ಮುಳುಗುತ್ತಿತ್ತು. ದೋಣಿಗೂ ಹಾಗೆಯೇ. ಇಂಜಿನ್ನಿನ ಓರೆಯನ್ನು ನಿಲ್ಲಿಸುವ ಕಡ್ಡಿಯನ್ನು ಒಂದು ತೂತು ಈಚೆಗೆ ಹಾಕಿದರೆ ಮೂತಿ ನೀರಿಗೆ ಒತ್ತುತ್ತದೆ, ಎರಡು ತೂತು ಆಚೆಗೆ ಹಾಕಿದರೆ ದೋಣಿ ಡಾಲ್ಫಿನ್ನಿನಂತೆ ಏಳುತ್ತ ಬೀಳುತ್ತ ಹೋಗುತ್ತದೆ. ನಡುವಿನ ತೂತು ಸರಿಯಾಯಿತು. ಇಂಜಿನ್ ಕೂಡ ಎರಡಂಗುಲ ಕೆಳಗೆ ಕುಳಿತು ತನ್ನ ಕಾಲನ್ನೇ ನೀರಿನಲ್ಲಿ ಎಳೆಯುತ್ತಿತ್ತು. ಪ್ರೊಪೆಲರಿನ ಮೇಲಿರುವ ಅಡ್ಡ ತಗಡು ದೋಣಿಯ ತಳದ ಮಟ್ಟಕ್ಕೆ ಬರುವಂತೆ ಮರದ ತುಂಡಿಟ್ಟು ಏರಿಸಿದೆವು. ತೀರ ಏರಿಸಿದರೆ ಪ್ರೊಪೆಲರ್ ಮೇಲಿನ ಗಾಳಿಯನ್ನು ಸೆಳೆದುಕೊಂಡು ಸುಮ್ಮನೆ ಕಿರುಚುತ್ತ ತಿರುಗುತ್ತದೆ.

ಪ್ರೊಪೆಲರಿನ ವಿಷಯದಲ್ಲಿ ಮಾವನಿಗೂ ನನಗೂ ವಾದವಾಯಿತು. ಇದ್ದದ್ದು ಹನ್ನೆರಡಂಗುಲದ್ದು, ಅಂದರೆ ಒಂದು ಸುತ್ತಿಗೆ ಹನ್ನೆರಡಂಗುಲ ಮುಂದೆ ಹೋಗಬೇಕಾದದ್ದು. ನಾನು ಹನ್ನೊಂದರದ್ದು ಹಾಕೋಣವೆಂದೆ. “ಕಡ್ಮಿ ಹೋಪ್ದ್ ಹಾಕಿರೆ ಜಾಸ್ತಿ ಹೋಪ್ದ್ ಹ್ಯಾಂಗೆ ಮಗಾ?” ಎಂದು ಅವರು ನಕ್ಕರು. ನಗುವಂಥದೇ ಸರಿ. ಆದರೆ ಸ್ಪಾರ್ಕ್ ಪ್ಲಗ್ಗಿನ ತಂತಿಗೆ ಸುತ್ತುವ ಪುಟ್ಟ ಮಾಪಕ, ಈ ಇಂಜಿನ್ ನಿಮಿಷಕ್ಕೆ 4900 ಸುತ್ತಿಗೇ ಏದುಸಿರು ಬಿಡುತ್ತಿದೆಯೆಂದು ತೋರಿಸುತ್ತಿತ್ತು. ಅದಕ್ಕೆ ವಿಧಿಸಿದ್ದು 5000ದಿಂದ 6000. ಏರುದಾರಿಯಲ್ಲಿ ಬಸ್ಸಿನವನು ಗೇರು ಇಳಿಸುವುದೇಕೆಂದು ನೆನೆದರೆ ಮಾವನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪ್ರೊಪೆಲರಿಗೆ ಸೋತವರಲ್ಲಿ ದೊಡ್ಡವರೂ ಇದ್ದಾರೆ. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ತನ್ನ ಉಗಿ ಟರ್ಬೈನಿನ ನೌಕೆ ‘ಟರ್ಬಿನಿಯಾ’ವನ್ನು ನೀರಿಗಿಳಿಸಿದಾಗ ಅದು ಸುಮಾರು 20 ನಾಟ್ ವೇಗವನ್ನು ದಾಟಲೊಲ್ಲದೆ ಹೋಯಿತು. ಒಂದೇ ಪ್ರೊಪೆಲರ್ ಅತಿ ವೇಗವಾಗಿ ತಿರುಗಿ ನೀರಿನಲ್ಲಿ ಪೊಳ್ಳು ಗುಳ್ಳೆಗಳನ್ನು ಎಬ್ಬಿಸುತ್ತಿತ್ತು. ಮೂರು ದಂಡಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲರ್ ಹಾಕಿ, 1897ರಲ್ಲಿ ವಿಕ್ಟೋರಿಯಾ ರಾಣಿಯ ನೌಕಾ ಪ್ರದರ್ಶನದಲ್ಲಿ ಅವನು ಅದನ್ನು 34 ನಾಟ್‌ನವರೆಗೆ ಓಡಿಸಿ ನೌಕಾಧಿಪತಿಗಳನ್ನು ಬೆರಗುಗೊಳಿಸಿದನು. ಈ ಕಥೆಯನ್ನು ಮಾವ ಪೂರ್ತಿ ಕೇಳಿ, “ಒಂಬತ್ತ್ ನಮ್ಗೆ ಬೇಡ” ಎಂದು ಒಪ್ಪಿಕೊಂಡರು.

ಹನ್ನೊಂದರದ್ದು ಹಾಕಿದಾಗ ಸುತ್ತು 5400ಕ್ಕೆ ಏರಿತು. ಎರಡು ದಿಕ್ಕಿನ ಸರಾಸರಿ 32. ಇನ್ನೂ ಒಂದು ದೋಷ ಉಳಿದಿತ್ತು. ಮಳೆಗಾಲದಲ್ಲಿ ದೋಣಿಯನ್ನು ಎರಡೇ ದಿಮ್ಮಿಯ ಮೇಲೆ ಇಟ್ಟು ಇಟ್ಟು ತಳದ ಹಿಂಭಾಗ ಒಳಕ್ಕೆ ಸರಿದಿತ್ತು. ನೇರ ಪಟ್ಟಿಯಿಟ್ಟರೆ ನಡುವೆ ಪೆನ್ಸಿಲ್ ತೂರುತ್ತಿತ್ತು. ಇಂಥ ತಗ್ಗು ಮೂತಿಯನ್ನು ಕೆಳಗೆ ತಳ್ಳುತ್ತದೆ. ಅದನ್ನು ತುಂಬಿಸುವುದಕ್ಕೆ ನನ್ನ ರಜೆ ಸಾಲಲಿಲ್ಲ. ಮುಂದಿನ ಮಳೆಗಾಲಕ್ಕೆ ನೋಡುವ ಎಂದು ಭಾವಮೈದುನ ಹೇಳಿದ. ಒಂದು ಕಿಲೋಮೀಟರ್ ಅಲ್ಲಿ ಬಾಕಿಯುಂಟು.

ನಾನು ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಾವನನ್ನು ಎತ್ತಿ ದೋಣಿಯಲ್ಲಿ ಕೂರಿಸಿದೆವು. ಹಿಂದೆ ಭಾರವಾಗಬಾರದೆಂದು ಅವರಿಗೆ ನಡುವಿನ ಹಲಗೆ. ಇಂಜಿನ್ನಿನ ಹಿಡಿ ಮಗನ ಕೈಯಲ್ಲಿತ್ತು. ದಕ್ಕೆ ಬಿಡುವಾಗ ಅವರು ಅಂಗಿಯ ಜೇಬಿನಿಂದ ಬೀಡಿ ತೆಗೆದು, ಎರಡು ಅಂಗೈಗಳ ಗೂಡಿನಲ್ಲಿ ಹಚ್ಚಿದರು. ದೋಣಿ ಮೂತಿಯೆತ್ತಿ ತೆರೆಯನ್ನು ಹತ್ತಿತು, ಆಮೇಲೆ ತಗ್ಗಿ ಜಾರತೊಡಗಿತು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಅಳಿವೆಯ ಹತ್ತಿರ ಮಗ ವೇಗ ಇಳಿಸಿ ತಂದೆಯ ಕಡೆ ನೋಡಿದ. ಬೀಡಿ ಯಾವಾಗಲೋ ಆರಿಹೋಗಿತ್ತು. ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿದಿತ್ತು. ಮಾವ ಅದನ್ನು ತಿರುಗಿಸಿ ನೋಡಿ ಕಿವಿಯ ಮೇಲೆ ಸಿಕ್ಕಿಸಿಕೊಂಡರು.